ಸಂಜೆ ಐದರ ನಡುರಾತ್ರಿ

ನಮ್ಮ ಮೇಡಂ ನಿವೃತ್ತರಾದ ದಿನ ಸೆಮಿನಾರ್ ಹಾಲಿನಲ್ಲಿ ಸಮೋಸಾ ತಟ್ಟೆ ಹಂಚುವ ಮೊದಲು ಹಲವರು ಮಾತಾಡಿದರು. ಬೇರೆಬೇರೆ ಊರಿನ, ಬೇರೆಬೇರೆ ಭಾಷೆಯ ಜನ; ಹೇಳಿದ್ದು ಮಾತ್ರ ಒಂದೇ. “ಅವರು ಗಿಡಗಳನ್ನು ಹೆತ್ತ ಮಕ್ಕಳ ಹಾಗೆ ನೋಡಿಕೊಂಡರು.” ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ಮಾತು ಸುಳ್ಳೆಂದಲ್ಲ, ಅರ್ಧ ನಿಜ. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿ ಇಳಿದು ಕಳೆದವಳಿಗೆ ಪೂರಾ ಸುಳ್ಳಿಗಿಂತ ಅರ್ಧ ನಿಜದ ಮೇಲೆ ಹೆಚ್ಚು ಸಿಟ್ಟು. ಗಿಡ ನೋಡಿಕೊಳ್ಳುವವರು ದೆಹಲಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಮೇಡಂ ತಮ್ಮ ಗಿಡಗಳನ್ನು ನೋಡದೆ ಇದ್ದರು. ಅದೆಷ್ಟು ಕಷ್ಟದ ಕೆಲಸ ಎಂಬುದು ಅಂದು ಮಾತಾಡಿದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ನನ್ನನ್ನು ಯಾರೂ ಮೈಕಿನ ಹತ್ತಿರ ಕರೆಯಲಿಲ್ಲ. ಆದ್ದರಿಂದ ಇದು.

ಅವರನ್ನು ಮೊದಲು ನೋಡಿದ್ದು ಸಂಶೋಧನೆಗೆ ಸೇರುವ ಸಂದರ್ಶನದಲ್ಲಿ. ದಾವಣಗೆರೆಯಿಂದ ರೈಲಿನಲ್ಲಿ ಬಂದಿಳಿದು, ಜೀವಮಾನದಲ್ಲಿ ಮೊದಲ ಸಲ ದೆಹಲಿಯ ಜನವರಿ ಚಳಿಗೆ ಸಿಕ್ಕಿ ಹಲ್ಲು ಕಟಕಟಿಸುತ್ತ ಕೂತಿದ್ದೆ. ಎದುರಿಗೆ ಸೂಟು ತೊಟ್ಟ ಗಂಡಸರು. ತುದಿಯ ಕುರ್ಚಿಯಲ್ಲಿ ಹತ್ತಿಯ ಸೀರೆ, ಅದರ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಬಿಳಿ ಕೋಟು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಕಿತ್ತಳೆ ಜಾತಿಯ ಕಿನ್ನೂ ಹಣ್ಣು ಸುಲಿಯುತ್ತಿದ್ದ ಒಬ್ಬ ಹೆಂಗಸು. ನನ್ನ ಊರಿನ ಹೆಸರು ಕೇಳಿದವರೇ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರು.

“ರಾತ್ರಿ ಹೊತ್ತು ಗಿಡ ಏನು ಮಾಡುತ್ತೆ?”

“ಉಸಿರಾಡುತ್ತೆ ಮೇಡಂ.”

“ಅದು ಹಗಲೂ ಮಾಡುತ್ತೆ. ರಾತ್ರಿ ಏನು ಮಾಡುತ್ತೆ ಹೇಳು.”

ಅವರೇ ಹೇಳಿದರು: “ರಾತ್ರಿ ಎಷ್ಟು ಉದ್ದ ಅಂತ ಅಳೀತಾ ಕೂತಿರುತ್ತೆ.”

“ಅಳೆಯುತ್ತೆ ಅನ್ನೋದಕ್ಕೆ ಸಾಕ್ಷಿ ಏನು? ಬೆಳಕು ಬಂದಾಗ ಏಳುತ್ತೆ, ಹೋದಾಗ ಮಲಗುತ್ತೆ. ಅದಕ್ಕೆ ಅಳತೆ ಯಾಕೆ ಬೇಕು?”

ಸೂಟುಗಳು ಒಂದರ ಮುಖ ಒಂದು ನೋಡಿಕೊಂಡವು. ಮೇಡಂ ಅರ್ಧ ಕಿನ್ನೂ ನನ್ನ ಕೈಗಿಟ್ಟರು. “ತಿನ್ನು, ಚಳಿಗೆ ಒಳ್ಳೇದು. ಸಾಕ್ಷಿ ತೋರಿಸೋಕೆ ನಾಲ್ಕೈದು ವರ್ಷ ಬೇಕಾಗುತ್ತೆ. ಇರ್ತೀಯೇನೇ ವಕೀಲಮ್ಮ?”

ಆ ಹೆಸರು ಅವತ್ತಿನಿಂದ ಅಂಟಿಕೊಂಡಿತು. ಮೊದಲ ಸಾಕ್ಷಿಗೆ ನಾಲ್ಕೈದು ವರ್ಷವೇನೂ ಬೇಕಾಗಲಿಲ್ಲ. ಒಂದು ಹುರುಳಿ ಸಸಿಯನ್ನು ಕತ್ತಲೆ ಕಪಾಟಿನಲ್ಲಿ ಇಟ್ಟು, ದಿನಕ್ಕೆ ನಾಲ್ಕಾರು ಸಲ ಕಿಂಡಿಯಲ್ಲಿ ಇಣುಕಲು ಹೇಳಿದರು. ಹೊರಗೆ ಬೆಳಗಾದಾಗ ಒಳಗಿನ ಕತ್ತಲಲ್ಲೇ ಅದು ಎಲೆ ಎತ್ತಿ ನಿಂತಿರುತ್ತಿತ್ತು. ಸಂಜೆಯಾದಾಗ ಕೈ ಇಳಿಬಿಟ್ಟ ಹಾಗೆ ಬಾಗಿರುತ್ತಿತ್ತು. ಸೂರ್ಯನ ಮುಖ ಕಾಣದೆಯೂ ಅದಕ್ಕೆ ಹೊತ್ತು ತಿಳಿದಿತ್ತು. ನಾನು ಸೋಲೊಪ್ಪಿದೆ. ಅವರು “ಅಚ್ಛಾ” ಎಂದರು. ದೆಹಲಿ ಅವರಿಗೆ ಕೊಟ್ಟಿದ್ದ ಪದಗಳಲ್ಲಿ ಅದನ್ನೊಂದನ್ನು ಮಾತ್ರ ಅವರು ಪೂರ್ತಿ ತಮ್ಮದಾಗಿಸಿಕೊಂಡಿದ್ದರು. ನಂಬದಿದ್ದಾಗ ಅದು ಉದ್ದವಾಗುತ್ತಿತ್ತು, ಖುಷಿಯಾದಾಗ ಕುಣಿಯುತ್ತಿತ್ತು, ನೋವಾದಾಗ ಚಿಕ್ಕದಾಗಿ ಕತ್ತರಿಸಿ ಬೀಳುತ್ತಿತ್ತು. ಉಳಿದಂತೆ ಅವರ ಹಿಂದಿ ಮೈಸೂರಿನಿಂದ ಆಚೆ ಬಂದೇ ಇರಲಿಲ್ಲ. “ಭಯ್ಯಾ, ಥೋಡಾ ಜಲ್ದಿ ಕೊಡಪ್ಪಾ” ಎಂದು ಅವರು ತರಕಾರಿ ಕೊಳ್ಳುತ್ತಿದ್ದ ಜನಕಪುರಿಯ ಮಂಡಿಯಲ್ಲಿ ಗಾಡಿಯವನೂ ಕೊನೆಗೆ “ಕೊಡ್ತೀನಿ ಅಮ್ಮಾ” ಎನ್ನುವುದನ್ನು ಕಲಿತಿದ್ದ.

ನಮ್ಮ ಪ್ರಯೋಗಾಲಯದಲ್ಲಿ ಹೊಸಬರನ್ನು ತಬ್ಬಿಬ್ಬು ಮಾಡುವ ಒಂದು ಪದ್ಧತಿ ಇತ್ತು. ಬತ್ತದ ಸಸಿಗಳನ್ನು ಬೆಳೆಸುವ ಎರಡು ಕೋಣೆಗಳಲ್ಲಿ ಹಗಲು ರಾತ್ರಿ ಅದಲುಬದಲು. ಬೆಳಿಗ್ಗೆ ನಾವು ಟೀ ಕುಡಿಯುವ ಹೊತ್ತಿಗೆ ಅಲ್ಲಿ ದೀಪ ಆರುತ್ತಿತ್ತು. ಊರೆಲ್ಲ ಮಲಗಿದ ಮೇಲೆ ಅಲ್ಲಿ ಬೆಳಗಾಗುತ್ತಿತ್ತು. ನಾವು ಮನೆಗೆ ಹೊರಡುವ ಸಂಜೆ ಐದು ಗಂಟೆಯೆಂದರೆ ಅವಕ್ಕೆ ಸರಿಯಾಗಿ ನಡುರಾತ್ರಿ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಜೊತೆಗಾರ ಗೌರವ್ ಹೇಳಿದ: ಗಿಡದ ಗಡಿಯಾರ ಓದಬೇಕಾದರೆ ಅದರ ನಡುರಾತ್ರಿಯಲ್ಲಿ ಒಂದೆರಡು ಕುಂಡ ಕತ್ತಲಲ್ಲೇ ಹೊರಗೆ ತಂದು ಎಲೆ ಕಿತ್ತು ಪರೀಕ್ಷಿಸಬೇಕು. ಬೇರೆ ಕಡೆ ವಿದ್ಯಾರ್ಥಿಗಳು ರಾತ್ರಿಯೆಲ್ಲ ಕಾಯುತ್ತಾರೆ. ಮೇಡಂಗೆ ಅದು ಒಪ್ಪಿಗೆ ಇಲ್ಲ. “ಈ ಊರಲ್ಲಿ ಹುಡುಗೀರನ್ನ ರಾತ್ರಿ ಬಸ್‌ಸ್ಟಾಪಲ್ಲಿ ನಿಲ್ಲಿಸಿ ನನಗೆ ಯಾವ ವಿಜ್ಞಾನವೂ ಬೇಡ,” ಎಂದಿದ್ದರಂತೆ. “ರಾತ್ರಿನೇ ಹಗಲಿಗೆ ತರೋಣ. ಗಿಡಕ್ಕೇನು, ಬೇಜಾರಿಲ್ಲ.”

ಪಾಠ ಮಾಡುವಾಗ ಅವರಿಗೆ ಹಲಗೆ ಬೇಡ, ಊಟದ ಡಬ್ಬಿಯ ಮುಚ್ಚಳವೇ ಸಾಕು. ಚಿತ್ರಾನ್ನದ ಕಡಲೆಬೀಜ ಅತ್ತಿತ್ತ ಸರಿಸಿ ತೋರಿಸುತ್ತಿದ್ದರು.

“ನೋಡು ವಕೀಲಮ್ಮ, ಗಿಡದ ಒಂದೊಂದು ಜೀವಕೋಶದಲ್ಲೂ ಒಂದೊಂದು ಗಡಿಯಾರ. ಮುಳ್ಳಿಲ್ಲ, ಚಕ್ರ ಇಲ್ಲ. ಇರೋದು ಒಂದಷ್ಟು ಜೀನು. ಇದು ಬೆಳಗಿನ ಜೀನು. ಇದು ಎದ್ದು ಮಾತಾಡೋವಾಗ ಈ ಸಂಜೆ ಜೀನು ಬಾಯಿ ಬಿಡೋ ಹಾಗಿಲ್ಲ. ಹೊತ್ತು ಏರಿದ ಹಾಗೆ ಬೆಳಗಿನದು ಮಾಡಿಟ್ಟ ಪ್ರೋಟೀನು ಕರಗುತ್ತೆ. ಆಗ ಸಂಜೆಯದು ಏಳುತ್ತೆ. ಅದರ ಸರದಿ ಮುಗಿಯೋ ಹೊತ್ತಿಗೆ ಮತ್ತೆ ಬೆಳಗಿನದು. ನಿನ್ನ ಡಿಬೇಟ್ ಥರಾನೇ.”

“ಸಂಜೆಯದೇ ಬೆಳಗಿನದನ್ನ ಎಬ್ಬಿಸುತ್ತಾ?”

“ಎಬ್ಬಿಸುತ್ತೆ ಅಂತಾರೆ. ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ನಿನ್ನ ಚಿತ್ರದಲ್ಲಿ ಆ ಬಾಣನ ಗೆರೆ ಎಳೀಬೇಡ, ಚುಕ್ಕಿಚುಕ್ಕಿ ಹಾಕಿಟ್ಟಿರು.”

“ತೀರ್ಪುಗಾರರು ಯಾರು ಮೇಡಂ? ಸೂರ್ಯನಾ?”

“ಸೂರ್ಯ ತೀರ್ಪು ಕೊಡಲ್ಲ. ಬೆಲ್ ಹೊಡೀತಾನೆ. ದಿನಾ ಬೆಳಿಗ್ಗೆ ಒಂದು ಸಲ ಹೊತ್ತು ಸರಿ ಮಾಡ್ತಾನೆ ಅಷ್ಟೆ. ವಾದ ಇವರದ್ದೇ. ಕಾಂಡ ಯಾವಾಗ ಉದ್ದ ಆಗಬೇಕು, ಅದೂ ಇವರೇ ಹೇಳಬೇಕು. ಕತ್ತಲೆ ಕಳೆಯೋ ಮುಂಚೆ, ಬೆಳಗಿನ ಜಾವದಲ್ಲಿ, ತಡೆ ತೆಗೀತಾರೆ. ಆಗ ಪೈರು ಮೇಲೇಳುತ್ತೆ.”

ಹೂವಿನ ವಿಷಯ ಬಂದಾಗ ಅವರು ನನಗೇ ಅಂತ ಒಂದು ಉದಾಹರಣೆ ಇಟ್ಟುಕೊಂಡಿದ್ದರು. ಕಾಲೇಜಿನಲ್ಲಿ ನಾನು ಒಂದೇ ವಿಷಯದ ಪರವಾಗಿ ಒಂದು ಊರಿನಲ್ಲಿ, ವಿರುದ್ಧವಾಗಿ ಇನ್ನೊಂದು ಊರಿನಲ್ಲಿ ಮಾತಾಡಿ ಎರಡೂ ಕಡೆ ಗೆದ್ದು ಬಂದ ಕಥೆ ಅವರಿಗೆ ಬಹಳ ಇಷ್ಟ. “ಬತ್ತದಲ್ಲಿ ನಿನ್ನಂಥದ್ದೇ ಒಂದು ಪ್ರೋಟೀನು ಇದೆ ಕಣೇ. ಗಡಿಯಾರ ಅದನ್ನ ಸಂಜೆ ಮೇಲೆ ಕಳಿಸುತ್ತೆ. ಅದು ಬಂದಾಗ ಹೊರಗೆ ಕತ್ತಲೆ ಇದ್ದರೆ, ‘ರಾತ್ರಿ ಉದ್ದ ಆಯ್ತು, ತೆನೆ ಬಿಡು’ ಅನ್ನುತ್ತೆ. ಅದೇ ಹೊತ್ತಿಗೆ ಬೆಳಕು ಕಂಡರೆ, ‘ಇನ್ನೂ ಕಾಲ ಬಂದಿಲ್ಲ, ಬೇಡ’ ಅನ್ನುತ್ತೆ. ಅದೇ ಬಾಯಿ. ಮಾತು ಮಾತ್ರ ಉಲ್ಟಾ.”

ಈ ಕಥೆಯ ನಾಯಕ ಸೋಮಾರಿ. ಅದು ಒಂದು ಬತ್ತದ ತಳಿಗೆ ಮೇಡಂ ಇಟ್ಟ ಹೆಸರು. ಹಿಂದೊಂದು ವರ್ಷ ಸಂಸ್ಥೆಯ ಗದ್ದೆಯಲ್ಲಿ ಎಲ್ಲ ಪೈರೂ ತೆನೆ ಬಿಟ್ಟಾಗ ಅಂಚಿನ ಒಂದು ಬುಡ ಮಾತ್ರ ಹಸಿರಾಗಿ ಬರೀ ಎಲೆ ಬಿಟ್ಟುಕೊಂಡು ನಿಂತಿತ್ತಂತೆ. ತೀರಾ ತಡವಾಗಿ ಕಾಳು ಕಟ್ಟಿದ ಅದರ ಬೀಜ ತಂದು ಬೆಳೆಸಿದರು. ಕೋಣೆಯಲ್ಲೂ ಅದೇ ಚಾಳಿ. ಉದ್ದ ರಾತ್ರಿ ಕೊಟ್ಟರೂ ತೆನೆ ಇಲ್ಲ. ಎಡಗಡೆ ಕೋಣೆಯ ಸಾಮಾನ್ಯ ಸಸಿಗಳು ಹೊತ್ತಿಗೆ ಸರಿಯಾಗಿ ತೆನೆ ತೂಗುತ್ತಿದ್ದರೆ, ಬಲಗಡೆ ಕೋಣೆಯ ಸೋಮಾರಿ ಕೈಕಟ್ಟಿ ಕೂತಿರುತ್ತಿತ್ತು. ಅದರ ಸಂಜೆಯ ಜೀನಿನಲ್ಲಿ ಒಂದು ಸಣ್ಣ ವ್ಯತ್ಯಾಸವೂ ಸಿಕ್ಕಿತು. ಗಡಿಯಾರ ಕೆಟ್ಟಿದೆ, ಅದಕ್ಕೇ ರಾತ್ರಿ ಅಳೆಯಲು ಬರುತ್ತಿಲ್ಲ: ಇದು ಮೇಡಂ ವಾದ. ನಿವೃತ್ತಿಗೆ ಮೊದಲಿನ ಅವರ ಕೊನೆಯ ದೊಡ್ಡ ಕೆಲಸ. ಪ್ರಬಂಧ ಬರೆದು ಪತ್ರಿಕೆಗೆ ಕಳಿಸಿ ಆಗಿತ್ತು. ನನ್ನ ಪಿಎಚ್.ಡಿ.ಯೂ ಅದೇ ಸೋಮಾರಿಯ ಹೆಗಲ ಮೇಲೆ ಕೂತಿತ್ತು.

ದಿನಾ ಸಂಜೆ, ಜನಕಪುರಿಯ ಚಾರ್ಟರ್ಡ್ ಬಸ್ಸಿಗೆ ಓಡುವ ಮೊದಲು, ಮೇಡಂ ಟಾರ್ಚು ಹಿಡಿದು ಬಲಗಡೆ ಕೋಣೆಗೆ ಹೋಗುತ್ತಿದ್ದರು. ಟಾರ್ಚಿನ ಮುಖಕ್ಕೆ ಹಸಿರು ಬಣ್ಣದ ಪಾರದರ್ಶಕ ಕಾಗದ ಸುತ್ತಿರುತ್ತಿತ್ತು. ಗಿಡಗಳಿಗೆ ಹಸಿರು ಬೆಳಕು ಅಷ್ಟಾಗಿ ಕಾಣುವುದಿಲ್ಲ, ಅವುಗಳ ರಾತ್ರಿ ಕೆಡುವುದಿಲ್ಲ ಎಂಬುದು ನಮ್ಮ ಕಸುಬಿನವರ ಲೆಕ್ಕ. ಒಳಗಿಂದ ಅವರ ದನಿ ಕೇಳುತ್ತಿತ್ತು: “ಏನೋ ಸೋಮಾರಿ, ಇನ್ನೂ ಎದ್ದಿಲ್ವೇನೋ? ಊಟ ಆಯ್ತಾ? ಸರಿ, ಮಲಗು.” ಗೌರವ್ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದ. ಗಿಡದ ಜೊತೆ ಮಾತಾಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆದರೂ ಆ ದನಿ ಕೇಳಿದ ಮೇಲೇ ನಮಗೆಲ್ಲ ಸಂಜೆಯಾಯಿತು ಅನ್ನಿಸುತ್ತಿತ್ತು.

ಒಂದು ನವೆಂಬರ್ ಭಾನುವಾರ ಅವರು ನನ್ನನ್ನು ಊಟಕ್ಕೆ ಕರೆದರು. ಮೊದಲ ಮಹಡಿಯ ಮನೆ. ಅವರ ಯಜಮಾನರು ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾಗಿ ಅಡುಗೆಮನೆಯ ಅಧಿಕಾರ ವಹಿಸಿಕೊಂಡಿದ್ದರು. ಬಾಲ್ಕನಿಯ ಕಂಬಿಯುದ್ದಕ್ಕೂ ಊರಿನಿಂದ ಬೀಜ ತಂದು ಹಬ್ಬಿಸಿದ ಅವರೆ ಬಳ್ಳಿ. ಅರ್ಧ ಬಳ್ಳಿಯಲ್ಲಿ ನೇರಳೆ ಹೂವಿನ ಗೊಂಚಲು. ಉಳಿದರ್ಧದಲ್ಲಿ ಬರೀ ಎಲೆ.

“ನೋಡಮ್ಮ, ಮನೆಯಲ್ಲಿ ಹೂವಿನ ವಿಜ್ಞಾನಿ,” ಎಂದರು ಯಜಮಾನರು. “ಅವರೆಕಾಳಿಗೆ ಮಾತ್ರ ಅರ್ಧ ಸಂಬಳ.”

ಮೇಡಂ ನಕ್ಕರು. “ಅದು ನನ್ನ ತಪ್ಪಲ್ಲರೀ, ಕಾಲೋನಿಯವರ ತಪ್ಪು. ಅರ್ಜಿ ಮೇಲೆ ಅರ್ಜಿ ಹಾಕಿ ಬೀದಿದೀಪ ಹಾಕಿಸಿದರಲ್ಲ. ಅವರೆಗೂ ಬತ್ತದ ಹಾಗೆ ಉದ್ದ ರಾತ್ರಿ ಬೇಕು. ದೀಪ ಬೀಳೋ ಕಡೆ ರಾತ್ರಿನೇ ಆಗಲ್ಲ, ಅದಕ್ಕೆ ಹೂವಿಲ್ಲ. ಗೋಡೆ ನೆರಳಿನ ಕಡೆ ಇದೆ. ಅಷ್ಟು ಬೆಳಕೂ ಬೇಡ, ನಡುರಾತ್ರಿ ಒಂದು ಗಳಿಗೆ ಕೆಂಪು ಬೆಳಕು ಬಿದ್ದರೂ ಸಾಕು, ಎಲ್ಲ ಲೆಕ್ಕ ತಪ್ಪುತ್ತೆ.”

ನಾನು ಸಾರನ್ನ ಕಲಸುವುದನ್ನು ನಿಲ್ಲಿಸಿದೆ. ಚರ್ಚೆಯಲ್ಲಿ ಎದುರಾಳಿ ತನ್ನ ಮಾತಿನಲ್ಲೇ ತಾನು ಸಿಕ್ಕಿಬೀಳುವ ಗಳಿಗೆಯೊಂದಿರುತ್ತದೆ. ಆಗ ಮೈ ಜುಮ್ಮೆನ್ನುತ್ತದೆ. ಆವತ್ತು ಹಾಗೇನೂ ಆಗಲಿಲ್ಲ.

“ಮೇಡಂ, ನೀವು ಟಾರ್ಚು ತಗೊಂಡು ಹೋಗೋದು ಸಂಜೆ ಐದಕ್ಕೆ. ಅವಕ್ಕೆ ಅದು ನಡುರಾತ್ರಿ.”

“ಅದು ಹಸಿರು ಬೆಳಕಲ್ವೇನೇ.”

“ಆ ಹಸಿರು ಕಾಗದ ಎಲ್ಲಿಂದ ತಂದಿದ್ದು?”

“ದೀಪಾವಳಿ ಸ್ವೀಟ್ ಡಬ್ಬಿಗೆ ಸುತ್ತಿ ಬರುತ್ತಲ್ಲ, ಅದು.”

“ಅದರಲ್ಲಿ ಕೆಂಪು ಸೋರಲ್ಲ ಅಂತ ಯಾರು ನೋಡಿದ್ದಾರೆ?”

ಯಜಮಾನರು ಸೌಟು ಹಿಡಿದು ನಿಂತೇ ಇದ್ದರು.

“ಎಡಗಡೆ ಕೋಣೆಗೂ ಹೋಗ್ತೀರಾ?”

“ಅಲ್ಲಿಗ್ಯಾಕೆ? ಅವು ಹೇಳಿದ ಕೆಲಸ ಮಾಡ್ತವೆ. ಜಾಣ ಮಕ್ಕಳನ್ನ ಯಾರು ಎದ್ದೆದ್ದು ನೋಡ್ತಾರೆ...”

ನಾನು ಕೊನೆಯ ಪ್ರಶ್ನೆಯನ್ನೂ ಕೇಳಿದೆ. ಚರ್ಚೆ ಕಲಿಸಿದ ಕೆಟ್ಟ ಅಭ್ಯಾಸ ಅದು, ಅರ್ಧದಲ್ಲಿ ನಿಲ್ಲಿಸಲು ಬರುವುದಿಲ್ಲ. “ಸೋಮಾರಿ ಮೊದಲು ಸಿಕ್ಕಿದ್ದು ಗದ್ದೆಯ ಯಾವ ಅಂಚಿನಲ್ಲಿ?”

ಮೇಡಂ ಬಾಲ್ಕನಿಯ ಕಡೆ ನೋಡಿದರು. “ಗೇಟಿನ ಹತ್ತಿರ. ಗಾರ್ಡ್ ರೂಮಿನ ದೀಪದ ಕೆಳಗೆ.” ಆಮೇಲೆ, “ಅಚ್ಛಾ,” ಎಂದರು. ತೀರಾ ಚಿಕ್ಕ ಅಚ್ಛಾ. “ನೀನು ಮೊದಲು ಊಟ ಮಾಡು. ಸಾರು ಆರಿಹೋಗುತ್ತೆ.”

ಸೋಮವಾರ ನಾನು ಬರುವ ಹೊತ್ತಿಗೆ ಅವರು ಟಾರ್ಚನ್ನು ಬೆಳಕಿನ ಬಣ್ಣ ಅಳೆಯುವ ಯಂತ್ರದ ಎದುರು ಇಟ್ಟುಕೊಂಡು ಕೂತಿದ್ದರು. ಪರದೆಯ ಮೇಲೆ ಹಸಿರಿನ ಗುಡ್ಡ. ಅದರಾಚೆ, ಇರಬಾರದ ಜಾಗದಲ್ಲಿ, ಕೆಂಪಿನ ಒಂದು ಸಣ್ಣ ದಿಣ್ಣೆ. ಕಾಗದ ನಮ್ಮ ಕಣ್ಣಿಗೆ ಮಾತ್ರ ಹಸಿರಾಗಿತ್ತು.

ಗೌರವ್ ಒಳ್ಳೆಯವನು, ಮೇಡಂ ಮೇಲಿನ ಪ್ರೀತಿಗೇ ಹೇಳಿದ: “ಮೇಡಂ, ಪೇಪರ್ ಛಪ್‌ನೇ ದೀಜಿಯೇ ನಾ, ಅಚ್ಚಾಗಲಿ ಬಿಡಿ. ಜೀನ್‌ನಲ್ಲಿ ಚೇಂಜ್ ಇದೆಯಲ್ಲ. ಟಾರ್ಚ್ ಬಗ್ಗೆ ಯಾರಿಗೆ ಗೊತ್ತಾಗುತ್ತೆ?”

“ಸೋಮಾರಿಗೆ ಗೊತ್ತಲ್ಲಪ್ಪಾ,” ಎಂದರು ಮೇಡಂ. ಪ್ರಬಂಧವನ್ನು ತಡೆಹಿಡಿಯುವಂತೆ ಪತ್ರಿಕೆಗೆ ಅವತ್ತೇ ತಿಳಿಸಿದರು. ನಿವೃತ್ತಿ ಹತ್ತಿರದಲ್ಲೇ ಇತ್ತು. ಹೊಸದಾಗಿ ಬಿತ್ತಿ, ಬೆಳೆಸಿ, ಮತ್ತೆ ಬರೆಯುವಷ್ಟು ಕಾಲ ಅವರಿಗೆ ಉಳಿದಿರಲಿಲ್ಲ. ಬಿತ್ತಿ ನೋಡುವಷ್ಟು ಮಾತ್ರ ಇತ್ತು.

ಬಿತ್ತಿದೆವು. ಈ ಸಲ ಎರಡು ಕೋಣೆಗಳಿಗೂ ಕತ್ತಲೆಯ ಹೊತ್ತಿನಲ್ಲಿ ಯಾರೂ ಹೋಗುವಂತಿಲ್ಲ. ಕೋಣೆಗಳ ಹೊರಗೆ, ಪ್ರಯೋಗಾಲಯದ ಮೂಲೆಯಲ್ಲಿ, ತನ್ನದೇ ದೀಪವಿದ್ದ ಸಣ್ಣ ಪೆಟ್ಟಿಗೆಯಲ್ಲಿ ಒಂದಷ್ಟು ಸಾಮಾನ್ಯ ಸಸಿ, ಅಂದರೆ ಜಾಣ ಮಕ್ಕಳು. ಅವನ್ನು ಮಾತ್ರ ದಿನಾ ಸಂಜೆ ಐದಕ್ಕೆ ಅದೇ ಟಾರ್ಚು ಹಿಡಿದು ನೋಡಬೇಕು. ಟಾರ್ಚು ಇದ್ದ ಕೈಗೆ ಸೋಮಾರಿಯ ಬಾಗಿಲು ದೂರವಲ್ಲ ಎಂದು ಮೇಡಂ ಆ ಕೆಲಸವನ್ನು ತಾವು ಇಟ್ಟುಕೊಳ್ಳಲಿಲ್ಲ. ನನಗೆ ಕೊಟ್ಟರು.

ಮೊದಲ ಸಂಜೆ ನಾನು ಪೆಟ್ಟಿಗೆಯ ಮುಂದೆ ಟಾರ್ಚು ಹಿಡಿದು ಸುಮ್ಮನೆ ನಿಂತಿದ್ದೆ. ಹಿಂದಿನಿಂದ ದನಿ ಬಂತು.

“ಮೂಕಿ ಹಾಗೆ ನಿಂತ್ರೆ ಆಗಲ್ಲ. ಮಾತಾಡು.”

“ಮೇಡಂ, ತಮಾಷೆ ಮಾಡ್ಬೇಡಿ.”

“ತಮಾಷೆ ಏನು ಬಂತು? ನಾನು ಮಾತಾಡ್ತಿದ್ದೆ. ಬಾಯಿಂದ ಬರೋ ಬಿಸಿ ಗಾಳಿಯಿಂದ ಹೀಗಾಯ್ತು ಅಂತ ನಾಳೆ ಯಾರಾದರೂ ವಕೀಲಮ್ಮ ಕೇಳಿದರೆ ಏನು ಹೇಳ್ತೀಯಾ? ನಾನು ಮಾಡಿದ್ದೆಲ್ಲ ನೀನೂ ಮಾಡಬೇಕು.”

ವಾದ ಸರಿಯಾಗಿತ್ತು. ಗಿಡಕ್ಕೆ ಏನು ಹೇಳುವುದೋ ತಿಳಿಯದೆ, ಬಾಯಿಪಾಠ ಇದ್ದದ್ದನ್ನೇ ಶುರು ಮಾಡಿದೆ: “ಮಾನ್ಯ ಅಧ್ಯಕ್ಷರೇ, ನಿಷ್ಪಕ್ಷಪಾತ ತೀರ್ಪುಗಾರರೇ...” ಆ ಚಳಿಗಾಲವೆಲ್ಲ ನಾನು ದಿನಕ್ಕೊಂದು ಹಳೆಯ ಭಾಷಣವನ್ನು ಬತ್ತದ ಸಸಿಗಳಿಗೆ ಒಪ್ಪಿಸಿದೆ. ಗ್ರಾಮೀಣ ಶಿಕ್ಷಣದ ಪರವಾಗಿ, ಯಂತ್ರನಾಗರಿಕತೆಯ ವಿರುದ್ಧವಾಗಿ. ಮೇಡಂ ಕೋಣೆಗಳ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು, “ಆ ಎರಡನೇ ಪಾಯಿಂಟು ವೀಕಾಯ್ತು,” ಎನ್ನುತ್ತಿದ್ದರು.

ಆ ಸ್ಟೂಲಿನ ಮೇಲೆ ಕೂತಿದ್ದಾಗ ಅವರನ್ನು ನಾನು ಕದ್ದು ನೋಡಿದ್ದೇನೆ. ಬಸ್ಸಿನ ಹೊತ್ತಾಗುತ್ತಿದ್ದಂತೆ ಅವರ ಕೈ ತಾನಾಗಿಯೇ ಟಾರ್ಚು ಇರುತ್ತಿದ್ದ ಮೊಳೆಯ ಕಡೆ ಹೋಗುತ್ತಿತ್ತು. ಅಲ್ಲಿ ಏನೂ ಇಲ್ಲದ್ದು ನೋಡಿ ಸೆರಗು ಸರಿಮಾಡಿಕೊಂಡು ವಾಪಸ್ಸಾಗುತ್ತಿತ್ತು. ಬಲಗಡೆ ಕೋಣೆಯ ಬಾಗಿಲಿನ ಮುಂದೆ ಹಾದುಹೋಗುವಾಗ ನಡಿಗೆ ನಿಧಾನವಾಗುತ್ತಿತ್ತು. ಒಂದು ದಿನ ಹಿಡಿಯ ಮೇಲೆ ಕೈಯಿಟ್ಟು ನಿಂತೇಬಿಟ್ಟರು. ಅವರು ಬಾಗಿಲಿನ ಹಲಗೆಗೆ ಹಣೆ ಹತ್ತಿರ ತಂದು ಏನನ್ನೋ ಹೇಳಿದರು, ನನಗೆ ಕೇಳಿಸಲಿಲ್ಲ. ಆಮೇಲೆ ಕೈ ತೆಗೆದು ಬಸ್ಸಿಗೆ ಹೋದರು. ಬೆಳಗಿನ ದೀಪ ಇರುವಾಗ ನೀರು ಹಾಕುವ ಕೆಲಸವನ್ನೂ ಗೌರವ್‌ಗೆ ಬಿಟ್ಟುಕೊಟ್ಟಿದ್ದರು. “ನಾನು ಒಳಗೆ ಹೋದರೆ ಒಂದಕ್ಕೆ ಹೆಚ್ಚು, ಒಂದಕ್ಕೆ ಕಮ್ಮಿ ಮಾಡ್ತೀನಿ ಕಣೋ. ನನ್ನ ಕೈ ಪಕ್ಷಪಾತಿ.” ಅವನು ಹೊರಗೆ ಬಂದಾಗ ಹೇಗಿವೆ ಎಂದು ಕೇಳುತ್ತಿರಲಿಲ್ಲ. ಅವನ ಮುಖವನ್ನೂ ನೋಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಗೌರವ್ ನೀರಿನ ಕ್ಯಾನು ಕೈಯಲ್ಲೇ ಹಿಡಿದು ಹೊರಗೆ ಬಂದು, “ಮೇಡಂ, ಚಲಿಯೇ,” ಎಂದ. ಕೋಣೆಗಳಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಮೇಡಂ ಮೊದಲು ಎಡಗಡೆಗೆ ಹೋದರು, ಜಾಣ ಮಕ್ಕಳ ಕಡೆಗೆ. ತೆನೆ ಹೊರಗೆ ಇಣುಕಿತ್ತು. ಆಮೇಲೆ ಬಲಗಡೆಗೆ. ಸೋಮಾರಿಯ ಬುಡಬುಡದಲ್ಲೂ ಎಲೆಯ ಸೀಳಿನಿಂದ ಎಳೆ ಹಸಿರು ತೆನೆ ತಲೆ ಎತ್ತಿ ನಿಂತಿತ್ತು. ಎಡಗಡೆಯದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ನನ್ನ ಭಾಷಣ ಕೇಳಿದ ಮೂಲೆಯ ಪೆಟ್ಟಿಗೆಯ ಜಾಣರು ಮಾತ್ರ ಬರೀ ಎಲೆ ಬಿಟ್ಟುಕೊಂಡು ಕೂತಿದ್ದರು.

ಗಡಿಯಾರ ಕೆಟ್ಟಿರಲೇ ಇಲ್ಲ, ಜೀನಿನ ಆ ಸಣ್ಣ ವ್ಯತ್ಯಾಸದಿಂದ ಏನೂ ಆಗಿರಲಿಲ್ಲ. ಮೇಡಂ ಅವರ ಇಷ್ಟು ವರ್ಷದ ವಾದ ಅಲ್ಲಿಗೆ ಬಿತ್ತು. ಅವರು ಬಾಗಿ, ಬೆರಳ ತುದಿಯಲ್ಲಿ ಒಂದು ತೆನೆಯನ್ನು ಮುಟ್ಟಿದರು.

“ಸೋಮಾರಿ ಅಲ್ಲ ಕಣೇ ಇದು,” ಎಂದರು. “ಪಾಪ, ನಿದ್ದೆಗೆಟ್ಟಿತ್ತು. ನಾನೇ ದಿನಾ ಎಬ್ಬಿಸ್ತಿದ್ದೆ.”

ಅವರ ಕಣ್ಣು ತುಂಬಿತ್ತು. ಸೋತವರ ಮುಖ ನಾನು ಬಹಳ ನೋಡಿದ್ದೇನೆ, ಸೋಲಿಸಿದ್ದೂ ಇದೆ. ಇದು ಆ ಮುಖವಾಗಿರಲಿಲ್ಲ. ಮೊಮ್ಮಗು ಹೆಜ್ಜೆ ಇಟ್ಟದ್ದನ್ನು ಕಂಡವರ ಹಾಗೆ ನಿಂತಿದ್ದರು. ಗೌರವ್ ಅಷ್ಟರಲ್ಲಿ ಬಾಗಿಲಾಚೆಯ ಮೂಲೆಯ ಪೆಟ್ಟಿಗೆ ತೋರಿಸಿ, “ಇವಳ ಲೆಕ್ಚರ್ ಕೇಳಿ ಹೂವಿನ ಆಸೆಯೇ ಬಿಟ್ಟವು ನೋಡಿ,” ಎಂದ. ಮೇಡಂ ಜೋರಾಗಿ ನಕ್ಕರು.

ಪ್ರಬಂಧವನ್ನು ಮೇಡಂ ವಾಪಸ್ಸು ತೆಗೆದುಕೊಂಡರು. ಕೊನೆಯ ದೊಡ್ಡ ಕೆಲಸ ಇಲ್ಲದೆಯೇ ಅವರು ನಿವೃತ್ತರಾದರು. ಶಾಲು, ಸಮೋಸಾ, ಹೆತ್ತ ಮಕ್ಕಳ ಮಾತು. ನನ್ನ ಪಿಎಚ್.ಡಿ. ದಿಕ್ಕು ಬದಲಿಸಿತು: ನಡುರಾತ್ರಿಯಲ್ಲಿ ಎಷ್ಟು ಸಣ್ಣ ಬೆಳಕು ಹೂವಿನ ಕರೆಯನ್ನು ಅಡಗಿಸುತ್ತದೆ, ಗಡಿಯಾರದ ಯಾವ ಜೀನು ಆಗ ಯಾವುದಕ್ಕೆ ಬಾಯಿ ಮುಚ್ಚು ಎನ್ನುತ್ತದೆ ಎಂಬುದರ ಕಡೆಗೆ. ಅವರು ಮನೆಯಿಂದಲೇ ಫೋನಿನಲ್ಲಿ ತಿದ್ದಿದರು. ಚುಕ್ಕಿಚುಕ್ಕಿ ಬಾಣವನ್ನು ನಾನು ಗೆರೆಯಾಗಿಸಿದ್ದಲ್ಲೆಲ್ಲ ಮತ್ತೆ ಚುಕ್ಕಿ ಮಾಡಿಸಿದರು.

ಕಳೆದ ತಿಂಗಳು ನನ್ನ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ನನಗಿಂತ ದೊಡ್ಡ ಸಂಶಯಜೀವಿ. ಪುಟ ತಿರುವಿ ಒಂದು ವಾಕ್ಯದ ಮೇಲೆ ಬೆರಳಿಟ್ಟರು. “ಕತ್ತಲೆಯ ಅವಧಿಯಲ್ಲಿ ಕೋಣೆಗೆ ಯಾರೂ ಪ್ರವೇಶಿಸಲಿಲ್ಲ ಅಂತ ಬರೆದಿದ್ದೀರಿ. ಬಾಗಿಲಿಗೆ ಬೀಗ ಇತ್ತೇ?”

“ಇರಲಿಲ್ಲ ಸರ್.”

“ಕ್ಯಾಮೆರಾ?”

“ಇಲ್ಲ.”

“ಮತ್ತೆ ಯಾರೂ ಹೋಗಲಿಲ್ಲ ಅನ್ನೋದಕ್ಕೆ ಸಾಕ್ಷಿ ಏನು?”

ನನ್ನದೇ ಪ್ರಶ್ನೆ, ಇಷ್ಟು ವರ್ಷದ ಮೇಲೆ ನನ್ನ ಕಡೆಗೇ ತಿರುಗಿ ಬಂದಿತ್ತು. ಮೂಲೆಯ ಪೆಟ್ಟಿಗೆಯ ತೆನೆಯಿಲ್ಲದ ಸಸಿಗಳನ್ನು ತೋರಿಸಿ, ಯಾರಾದರೂ ಬೆಳಕು ಹಿಡಿದು ಹೋಗಿದ್ದರೆ ಕೋಣೆಯವೂ ಹೀಗೇ ಇರುತ್ತಿದ್ದವು ಎಂದು ಉತ್ತರ ಹೇಳಬಹುದಿತ್ತು, ಆ ಚಿತ್ರ ಮುಂದಿನ ಪುಟದಲ್ಲೇ ಇತ್ತು. ಅದನ್ನು ಆಮೇಲೆ ತೋರಿಸಿದೆ. ಮೊದಲು ಬಾಯಿಗೆ ಬಂದದ್ದು ಬೇರೆ. ಯಾವ ವೇದಿಕೆಯ ಮೇಲೂ ಎದುರಾಳಿ ಹೇಳಿದ್ದರೆ ನಾನು ಒಪ್ಪುತ್ತಿರದ ಬಗೆಯ ಸಾಕ್ಷಿ ಅದು.

“ಒಳಗೆ ಹೋಗಬೇಕು ಅಂತ ಎಲ್ಲರಿಗಿಂತ ಹೆಚ್ಚು ಆಸೆ ಇದ್ದವರು ಒಬ್ಬರಿದ್ದರು ಸರ್,” ಎಂದೆ. “ಅವರು ಬಾಗಿಲ ಹೊರಗೇ ಕೂತಿದ್ದರು.”